ಮೈಸೂರು: ಕುಕ್ಕರಹಳ್ಳಿ ಕೆರೆಯೋ, ಕಾರಂಜಿ ಕೆರೆಯೋ? ಮಂಡಿನೋವಿನ ಅಮ್ಮ ಮತ್ತು 6 ವರ್ಷದ ಮಗಳ ಜೊತೆ ಒಂದು ದಿನ

ಜಯನಗರದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜನವರಿ ಮೂರನೇ ವಾರ ಬೆಂಗಳೂರಿನಿಂದ ಮೈಸೂರಿಗೆ ಹೋಗುತ್ತಿದ್ದೇವೆ. ಶುಕ್ರವಾರ ರಾತ್ರಿ ತಲುಪಿ, ಶನಿವಾರ ಇಡೀ ದಿನ ಅಲ್ಲೇ. ಅರಮನೆ, ಬೆಟ್ಟ ಎಲ್ಲ ನೋಡಿ ಆಗಿದೆ, ಈ ಸಲ ಕೆರೆ ದಂಡೆಯಲ್ಲಿ ಆರಾಮಾಗಿ ಅಡ್ಡಾಡಬೇಕು ಅಷ್ಟೆ.

ಅಪ್ಪನಿಗೆ 72, ದಿನಾ 5 ಕಿ.ಮೀ. ನಡೆಯುತ್ತಾರೆ. ಅಮ್ಮನಿಗೆ 68, ಎಡ ಮಂಡಿ ನೋವು. ಸಮತಟ್ಟು ಜಾಗದಲ್ಲಿ ಮಧ್ಯೆ ಮಧ್ಯೆ ಕೂತು ಎರಡು ಕಿ.ಮೀ. ನಡೆಯಬಲ್ಲರು, ಮೆಟ್ಟಿಲು ಕಷ್ಟ. ಮಗಳಿಗೆ 6 ವರ್ಷ, ದೋಣಿ ಬೇಕೇ ಬೇಕು ಅಂತ ಹಠ.

ಎರಡರಲ್ಲಿ ಯಾವ ಕೆರೆ? ಎಷ್ಟು ಗಂಟೆಗೆ ಹೋದರೆ ಸರಿ? ಪೂರ್ತಿ ಸುತ್ತು ಹಾಕಲೇಬೇಕಾ? ಪೆಡಲ್ ದೋಣಿ ಮಕ್ಕಳಿಗೆ ಸುರಕ್ಷಿತವಾ? ದುರ್ಬೀನು ಕೊಳ್ಳುವುದಾದರೆ ಎಂಥದ್ದು?

---

ಏರಿಮೇಲಿನವ:

ಎರಡೂ ಕೆರೆ ಅಂತ ಒಂದೇ ತಕ್ಕಡಿಗೆ ಹಾಕಬೇಡಿ ಮೇಡಂ. ಕುಕ್ಕರಹಳ್ಳಿ ನಡೆಯುವ ಕೆರೆ, ಕಾರಂಜಿ ಕೂತು ನೋಡುವ ಕೆರೆ. ಮೊದಲನೆಯದಕ್ಕೆ ಹೊತ್ತು ಮೂಡುವಾಗ ಹೋಗಬೇಕು. ಎರಡನೆಯದರ ಗೇಟು ತೆರೆಯುವುದೇ 8.30ಕ್ಕೆ. ಮಧ್ಯೆ ಐದಾರು ಕಿ.ಮೀ. ದಾರಿ, ಒಂದು ತಿಂಡಿ. ಹಾಗಾಗಿ ಆರಿಸುವ ಪ್ರಶ್ನೆಯೇ ಇಲ್ಲ, ಒಂದಾದ ಮೇಲೆ ಒಂದು ಮಾಡಬಹುದು.

ಕುಕ್ಕರಹಳ್ಳಿಯ ವಿಷಯ ನಾನು ಹೇಳುತ್ತೇನೆ, ಕಾರಂಜಿಯದ್ದನ್ನು ಬೇರೆಯವರು ಹೇಳಲಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ನೀರಾವರಿಗೆ ಕಟ್ಟಿದ ಕೆರೆ ಇದು. ಈಗ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ, ಪಕ್ಕದಲ್ಲೇ ಮಾನಸಗಂಗೋತ್ರಿ. ಕುವೆಂಪು ಅಡ್ಡಾಡುತ್ತಿದ್ದ ಕೆರೆ ಇದೇ. ರೈಲು ನಿಲ್ದಾಣದಿಂದ ಹೆಚ್ಚೆಂದರೆ 3 ಕಿ.ಮೀ., ಆಟೋದವರಿಗೆ ‘ಕಲಾಮಂದಿರದ ಹತ್ತಿರ’ ಅಂದರೆ ಸಾಕು.

ದಂಡೆಯ ಸುತ್ತು ಸುಮಾರು ನಾಲ್ಕೂವರೆ ಕಿ.ಮೀ. ದಾರಿ ಮಣ್ಣಿನದು, ಬಹುತೇಕ ಸಮತಟ್ಟು, ಮರದ ನೆರಳಿದೆ, ಕೂರಲು ಬೆಂಚುಗಳಿವೆ. ಸುಲಭ ಅಂದುಕೊಂಡು ಹೊರಟವರು ಎಡವುವುದು ಒಂದೇ ವಿಷಯದಲ್ಲಿ: ಸುತ್ತು ದಾರಿಯಲ್ಲಿ ಅರ್ಧ ನಡೆದ ಮೇಲೆ ಹಿಂದೆ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಮಂಡಿ ನೋಯುವುದು ಶುರುವಾಗುವುದು ಸರಿಯಾಗಿ ಅಲ್ಲೇ. ಅಡ್ಡದಾರಿ ಹಿಡಿಯೋಣ ಅಂದರೆ ನಡುವೆ ಇರುವುದು ನೀರು!

ಆದ್ದರಿಂದ ನಿಮ್ಮ ತಾಯಿಗೆ ಸುತ್ತು ಬೇಡ, ಹೋಗಿ-ಬಂದು ಸಾಕು. ಲೆಕ್ಕ ಹೀಗೆ ಹಾಕಿ. ಅವರು ಅಲ್ಲಲ್ಲಿ ಕೂತು ಒಂದು ಕಿ.ಮೀ.ಗೆ 25 ನಿಮಿಷ ತೆಗೆದುಕೊಳ್ಳುತ್ತಾರೆ ಅಂತಿಟ್ಟುಕೊಳ್ಳೋಣ. 25 ನಿಮಿಷ ಹೋಗುವುದು, 10 ನಿಮಿಷ ಒಳ್ಳೆ ಬೆಂಚು ನೋಡಿ ಕೂರುವುದು, 25 ನಿಮಿಷ ಹಿಂದಕ್ಕೆ. ಒಟ್ಟು ಒಂದು ಗಂಟೆ. ಅದೇ ಒಂದು ಗಂಟೆಯಲ್ಲಿ ನಿಮ್ಮ ತಂದೆ ತಮ್ಮ ಮಾಮೂಲಿ ವೇಗದಲ್ಲಿ ಪೂರ್ತಿ ಸುತ್ತು ಮುಗಿಸಿ ಅದೇ ಗೇಟಿಗೆ ಬಂದಿರುತ್ತಾರೆ. ದೂರ ನೋಡಿ ಹಿಂದಿರುಗಬೇಡಿ, ಗಡಿಯಾರ ನೋಡಿ ಹಿಂದಿರುಗಿ. ‘ಅಲ್ಲಿ ಕಾಣುವ ಆ ಮರದವರೆಗೆ’ ಅಂತ ಹೊರಟರೆ ಆ ಮರ ಹತ್ತಿರವಾಗುವುದೇ ಇಲ್ಲ.

ಕೆರೆಗೆ ಒಂದಕ್ಕಿಂತ ಹೆಚ್ಚು ಗೇಟು ಇವೆ. ಯಾವ ಗೇಟಿನಲ್ಲಿ ಸೇರುವುದು ಅಂತ ಮೊದಲೇ ತೀರ್ಮಾನಿಸಿ, ಗೇಟಿನ ಫೋಟೋ ಎಲ್ಲರ ಮೊಬೈಲಿಗೂ ಕಳಿಸಿಬಿಡಿ. ‘ಗೇಟ್ ಹತ್ತಿರ ಇದೀನಿ’ ಅಂತ ಇಬ್ಬರೂ ಹೇಳುತ್ತಾ ಎರಡು ಗೇಟಿನಲ್ಲಿ ಕಾಯುವುದು ಇಲ್ಲಿ ದಿನಾ ನಡೆಯುವ ನಾಟಕ.

ಜನವರಿಯಲ್ಲಿ ಸೂರ್ಯೋದಯ 6.45ರ ಆಸುಪಾಸು. ನೀವು 6.30ಕ್ಕೆ ಗೇಟಿನಲ್ಲಿದ್ದರೆ ಸರಿ. ಚಳಿಗೆ ತೆಳು ಸ್ವೆಟರ್, ಅಮ್ಮನಿಗೆ ಕಿವಿ ಮುಚ್ಚುವ ಸ್ಕಾರ್ಫ್. ಬೆಳಗಿನ ವಾಕಿಂಗಿನವರು ಸಾಲುಗಟ್ಟಿ ಬಿರಬಿರನೆ ನಡೆಯುತ್ತಾರೆ. ನಿಧಾನ ನಡೆಯುವವರು ಒಂದು ಬದಿ ಹಿಡಿದರೆ ಯಾರಿಗೂ ತೊಂದರೆಯಿಲ್ಲ.

---

ಹಾವಕ್ಕಿ:

ಏರಿಮೇಲಿನವರು ಹೇಳಿದ್ದಕ್ಕೆ ಹಕ್ಕಿ ಮತ್ತು ದುರ್ಬೀನಿನ ವಿಷಯ ಸೇರಿಸುತ್ತೇನೆ.

ಜನವರಿ ಒಳ್ಳೆ ತಿಂಗಳು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ನಾಮದ ಕೋಳಿ, ನೇರಳೆ ಜಂಬುಕೋಳಿ, ಗುಳುಮುಳುಕ, ಬಕ, ಮಿಂಚುಳ್ಳಿ ಕಾಣುತ್ತವೆ. ಇವನ್ನು ನೋಡಲು ಪರಿಣತಿಯೇನೂ ಬೇಡ. ಮಗುವಿಗೆ ಹೆಸರು ಉರು ಹೊಡೆಸುವ ಬದಲು ಒಂದೊಂದು ಹಕ್ಕಿ ಏನು ಮಾಡುತ್ತದೆ ಅಂತ ತೋರಿಸಿ. ನೀರುಕಾಗೆ ರೆಕ್ಕೆ ಅಗಲಿಸಿ ಬಟ್ಟೆ ಒಣಹಾಕಿದ ಹಾಗೆ ಕೂತಿರುತ್ತದೆ, ಯಾಕೆಂದರೆ ಅದರ ಗರಿ ನೀರಲ್ಲಿ ನೆನೆಯುತ್ತದೆ. ಗರಿ ನೆನೆದರೆ ತೇಲುವ ಗುಣ ಕಡಿಮೆಯಾಗಿ ಮುಳುಗಿ ಮೀನು ಹಿಡಿಯುವುದು ಸಲೀಸು. ಹಾವಕ್ಕಿ ಈಜುವಾಗ ಮೈ ಪೂರ್ತಿ ನೀರೊಳಗಿದ್ದು ಕತ್ತು ಮಾತ್ರ ಹಾವಿನಂತೆ ಮೇಲೆ ಕಾಣುತ್ತದೆ, ಹೆಸರು ಬಂದದ್ದೇ ಹಾಗೆ. ಹೆಜ್ಜಾರ್ಲೆ ಗಂಟಲ ಚೀಲವನ್ನು ಬಲೆಯಂತೆ ಬಳಸಿ, ನೀರು ಬಸಿದು ಆಮೇಲೆ ಮೀನು ನುಂಗುತ್ತದೆ. ಆರು ವರ್ಷದವರಿಗೆ ಈ ಮೂರು ಸಾಕು, ಅರ್ಧ ಗಂಟೆ ಕಳೆಯುತ್ತದೆ.

ಬೆಳಕಿನ ದಿಕ್ಕು ಮುಖ್ಯ. ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಅಂದರೆ ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು. ಎದುರು ದಂಡೆಯಿಂದ ನೋಡಿದರೆ ನೀರು ಫಳಫಳ ಹೊಳೆದು ಹಕ್ಕಿಗಳೆಲ್ಲ ಕಪ್ಪು ಬೊಂಬೆಗಳಾಗುತ್ತವೆ. ‘ದುರ್ಬೀನು ಚೆನ್ನಾಗಿಲ್ಲ’ ಅಂತ ದೂರುವವರಲ್ಲಿ ಅರ್ಧ ಜನ ನಿಂತಿರುವುದು ತಪ್ಪು ದಂಡೆಯಲ್ಲಿ. ಸಂಜೆಗೆ ಇದು ತಿರುವುಮುರುವು.

ದುರ್ಬೀನು 8x42 ತೆಗೆದುಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಹೆಚ್ಚು ಪಟ್ಟು ಒಳ್ಳೆಯದು ಅಂತ 20x ಕೊಳ್ಳಬೇಡಿ. ಕೈ ನಡುಗುವುದೂ ಇಪ್ಪತ್ತು ಪಟ್ಟು ಆಗುತ್ತದೆ, ನೋಟ ಕಿರಿದಾಗಿ ಹಕ್ಕಿಯನ್ನು ಹುಡುಕುವುದೇ ಕಷ್ಟ. ಮಗು ಹಿಡಿಯುವುದಾದರೆ 8x32 ಹಗುರ.

ಹೊಂದಿಸುವ ಕ್ರಮ, ಬಹಳ ಜನ ಇದನ್ನು ಮಾಡುವುದೇ ಇಲ್ಲ: ಮೊದಲು ಎರಡು ಕೊಳವೆಗಳನ್ನು ಮಡಚಿ-ಬಿಚ್ಚಿ ಎರಡು ವೃತ್ತ ಸೇರಿ ಒಂದೇ ವೃತ್ತ ಕಾಣುವಂತೆ ಮಾಡಿಕೊಳ್ಳಿ. ಬಲಗಣ್ಣು ಮುಚ್ಚಿ, ದೂರದ ಒಂದು ಬೋರ್ಡನ್ನು ಎಡಗಣ್ಣಲ್ಲಿ ನೋಡುತ್ತಾ ಮಧ್ಯದ ಚಕ್ರ ತಿರುಗಿಸಿ ಅಕ್ಷರ ಸ್ಪಷ್ಟ ಮಾಡಿ. ಈಗ ಎಡಗಣ್ಣು ಮುಚ್ಚಿ, ಅದೇ ಬೋರ್ಡನ್ನು ಬಲಗಣ್ಣಲ್ಲಿ ನೋಡುತ್ತಾ ಬಲ ಕಣ್ಣಿನ ಹತ್ತಿರದ ಬಳೆಯನ್ನು ಮಾತ್ರ ತಿರುಗಿಸಿ. ಇಷ್ಟಾದ ಮೇಲೆ ಆ ಬಳೆ ಮುಟ್ಟಬೇಡಿ, ಮಧ್ಯದ ಚಕ್ರ ಒಂದೇ ಸಾಕು. ನಿಮ್ಮ ಅಪ್ಪ ಕನ್ನಡಕದವರಾದರೆ ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ಮಡಚಬೇಕು, ಇಲ್ಲದಿದ್ದರೆ ಸುತ್ತ ಕಪ್ಪು ಅಂಚು ಕಾಣುತ್ತದೆ. ಪಟ್ಟಿ ಕೊರಳಲ್ಲೇ ಇರಲಿ, ಕೆರೆ ದಂಡೆಯಲ್ಲಿ ಕೈಜಾರಿದ ದುರ್ಬೀನು ವಾಪಸ್ ಬರುವುದಿಲ್ಲ.

ಹಕ್ಕಿಗೆ ಬ್ರೆಡ್ಡು, ಮಂಡಕ್ಕಿ ಹಾಕಬೇಡಿ. ಅವು ತಿನ್ನದೇ ಬಿಟ್ಟದ್ದು ನೀರಲ್ಲಿ ಕೊಳೆಯುತ್ತದೆ, ದಂಡೆಯಲ್ಲಿ ಬಿದ್ದದ್ದಕ್ಕೆ ನಾಯಿ ಬರುತ್ತದೆ. ಸತ್ತ ಹಕ್ಕಿ ಕಂಡರೆ ಮಗು ಮುಟ್ಟದಂತೆ ನೋಡಿಕೊಳ್ಳಿ, ಗೇಟಿನವರಿಗೆ ತಿಳಿಸಿ. ಹಕ್ಕಿಜ್ವರದಿಂದಾಗಿ 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನೇ ಸುಮಾರು ಒಂದು ತಿಂಗಳು ಮುಚ್ಚಿದ್ದರು.

---

ತೂಬು:

ಕಾರಂಜಿಯ ಭಾಗ ನನ್ನದು.

ಇದು ಮೃಗಾಲಯದ ಬೆನ್ನಿಗೇ ಇದೆ, ಅವರದ್ದೇ ಆಡಳಿತ. ಆದ್ದರಿಂದ ಟಿಕೆಟ್ ಇದೆ ಮತ್ತು ಮಂಗಳವಾರ ರಜೆ. ಶನಿವಾರ ಹೋಗುವ ನಿಮಗೆ ತೊಂದರೆಯಿಲ್ಲ, ಈ ಥ್ರೆಡ್ ಓದುವ ಬೇರೆಯವರಿಗೆ ಹೇಳುತ್ತಿದ್ದೇನೆ. ದಂಡೆಯಲ್ಲೇ ಇರುವ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಸೋಮವಾರ, ಮಂಗಳವಾರ ಎರಡೂ ಬಿಟ್ಟು ಯೋಜನೆ ಮಾಡಿದರೆ ತಲೆನೋವಿಲ್ಲ.

ಒಟ್ಟು ಸುಮಾರು 90 ಹೆಕ್ಟೇರ್ ಜಾಗ, ಅದರಲ್ಲಿ 55 ಹೆಕ್ಟೇರಿನಷ್ಟು ನೀರು. ಮಕ್ಕಳಿಗೆ ಇಷ್ಟವಾಗುವುದು ಒಳಗೆ ನಡೆದುಹೋಗಬಹುದಾದ ದೊಡ್ಡ ಪಕ್ಷಿಪಂಜರ. ಉದ್ದ 60 ಮೀಟರ್, ಎತ್ತರ 20 ಮೀಟರ್, ನವಿಲು ನಿಮ್ಮ ಕಾಲ ಹತ್ತಿರವೇ ಓಡಾಡುತ್ತದೆ. ಚಿಟ್ಟೆ ಉದ್ಯಾನವೂ ಇದೆ. ಚಿಟ್ಟೆಗೆ ಬಿಸಿಲು ಕಾಯದೆ ರೆಕ್ಕೆ ಏಳುವುದಿಲ್ಲ, ಆದ್ದರಿಂದ ಬೆಳಗ್ಗೆ ತೆರೆದ ಕೂಡಲೇ ಅಲ್ಲಿಗೆ ಓಡಬೇಡಿ. ಮೊದಲು ಪಂಜರ, ಆಮೇಲೆ ದೋಣಿ, ಹತ್ತು ಗಂಟೆ ಆದ ಮೇಲೆ ಚಿಟ್ಟೆ. ವೀಕ್ಷಣಾ ಗೋಪುರಕ್ಕೆ ಮೆಟ್ಟಿಲು ಇದೆ. ಅಮ್ಮನನ್ನು ಕೆಳಗೆ ನೆರಳಲ್ಲಿ ಕೂರಿಸಿ.

ದೋಣಿಯ ವಿಷಯ. ಪೆಡಲ್ ದೋಣಿ ಅಡ್ಡಲಾಗಿ ಅಗಲ, ಸುಲಭಕ್ಕೆ ಮಗುಚುವುದಿಲ್ಲ. ಅಪಾಯ ಹುಟ್ಟುವುದು ಹತ್ತುವಾಗ, ಇಳಿಯುವಾಗ ಮತ್ತು ಮಧ್ಯದಲ್ಲಿ ಎದ್ದು ನಿಂತು ಸೆಲ್ಫಿಗೆ ಜಾಗ ಬದಲಾಯಿಸುವಾಗ. ಹತ್ತುವಾಗ ಅಂಚಿಗೆ ಕಾಲಿಡದೆ ದೋಣಿಯ ಮಧ್ಯಕ್ಕೆ ಇಡಿ, ಒಬ್ಬರು ಕೂತ ಮೇಲೆ ಇನ್ನೊಬ್ಬರು. ಮಗುವನ್ನು ಕೊನೆಗೆ ಕೈಗೆ ಕೊಡಬೇಕು, ಇಳಿಯುವಾಗ ಮೊದಲು ಕೊಡಬೇಕು.

ಲೈಫ್ ಜಾಕೆಟ್ ಹಾಕಿದರೆ ಸಾಲದು, ಅಳತೆ ಸರಿಯಿರಬೇಕು. ಎಲ್ಲಾ ಬಕಲ್ ಹಾಕಿ, ಪಟ್ಟಿ ಬಿಗಿದು, ಮಗುವಿನ ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಜಾರಿ ಗಲ್ಲ, ಕಿವಿ ದಾಟಿ ಬಂದರೆ ಅದು ದೊಡ್ಡದು. ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಚಿಕ್ಕದು ಕೇಳಿ. ಇಲ್ಲ ಅಂದರೆ ಆ ದಿನ ದೋಣಿ ಬೇಡ, ಅಳಲಿ ಬಿಡಿ.

ಹೊರಡುವ ಮುಂಚೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ. ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ತಾನೇ ತಳ್ಳುತ್ತದೆ. ಇದನ್ನು ತಿರುಗಿಸಿ ಮಾಡಿದವರು ಸಮಯ ಮುಗಿದರೂ ದೋಣಿ ಹತ್ತಿದ ಕಟ್ಟೆಗೆ ಬರಲಾಗದೆ ತೊಡೆ ಹಿಡಿದುಕೊಳ್ಳುತ್ತಾರೆ. ಪೆಡಲ್ ತುಳಿಯಲು ಮಂಡಿ ಮತ್ತೆ ಮತ್ತೆ ಮಡಚಬೇಕಾಗುತ್ತದೆ, ಆದ್ದರಿಂದ ನಿಮ್ಮ ತಾಯಿಗೆ ಬೇಡ. ಗೂಡು ಕಟ್ಟಿರುವ ನಡುಗಡ್ಡೆಗಳ ಹತ್ತಿರಕ್ಕೆ ದೋಣಿ ಒಯ್ಯಬೇಡಿ. ಹಕ್ಕಿ ಎದ್ದು ಹೋದ ಹೊತ್ತಿನಲ್ಲಿ ಕಾಗೆ, ಹದ್ದು ಮೊಟ್ಟೆ ಹೊತ್ತೊಯ್ಯುತ್ತವೆ. ಕುಕ್ಕರಹಳ್ಳಿಯಲ್ಲಿ ದೋಣಿ ಇಲ್ಲ, ಅದನ್ನು ಮಗಳಿಗೆ ಬೆಳಗ್ಗೆಯೇ ಹೇಳಿಬಿಡಿ.

---

ಜಯನಗರದವಳು:

ತುಂಬಾ ಉಪಕಾರ ಆಯ್ತು. ಎರಡು ಸಣ್ಣ ಪ್ರಶ್ನೆ. ಕುಕ್ಕರಹಳ್ಳಿಯಲ್ಲಿ ನೀರು ವಾಸನೆ ಬರುತ್ತದೆ ಅಂತ ಒಬ್ಬರು ಹೆದರಿಸಿದರು, ನಿಜವಾ? ಅಮ್ಮ ಊರುಗೋಲು ಹಿಡಿಯಬೇಕಾ? ನೋಯುವ ಕಾಲಿನ ಕಡೆಗೇ ಹಿಡಿಯುತ್ತಾರೆ, ಆದರೂ ನೋವು ಅನ್ನುತ್ತಾರೆ.

---

ಒಂಟಿಕೊಪ್ಪಲು:

ಊರುಗೋಲು ತಪ್ಪು ಕೈಯಲ್ಲಿದೆ! ಎಡ ಮಂಡಿ ನೋವಾದರೆ ಕೋಲು ಬಲ ಕೈಯಲ್ಲಿ. ಎಡಗಾಲು ಮುಂದಿಡುವಾಗಲೇ ಬಲಗೈ ಕೋಲೂ ಮುಂದೆ ಹೋಗಬೇಕು, ಆಗ ಮೈಭಾರ ಕೋಲು ಮತ್ತು ನೋವಿನ ಕಾಲಿನ ನಡುವೆ ಹಂಚಿಹೋಗುತ್ತದೆ. ಅದೇ ಕಡೆ ಹಿಡಿದರೆ ಮೈ ಆ ಕಡೆಗೇ ವಾಲಿ ಮಂಡಿಗೆ ಇನ್ನಷ್ಟು ಹೊರೆ.

ಎತ್ತರ: ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ತುದಿಯ ರಬ್ಬರ್ ಬಿರಡೆ ಸವೆದು ನುಣ್ಣಗಾಗಿದ್ದರೆ ಬದಲಿಸಿ, ಮಣ್ಣು ದಾರಿಯಲ್ಲಿ ಜಾರುತ್ತದೆ. ಮೆಟ್ಟಿಲು ಸಿಕ್ಕರೆ ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹೊಸದಾಗಿ ಕೈ ಬದಲಾಯಿಸಿದ ದಿನವೇ ಕೆರೆಗೆ ಹೋಗಬೇಡಿ. ಮನೆ ಹತ್ತಿರ ನಾಲ್ಕೈದು ದಿನ ಅಭ್ಯಾಸ ಆಗಲಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ ಹಾಕಿಸಿ, ಹವಾಯಿ ಬೇಡ.

ಇನ್ನೊಂದು. ಒಂದೇ ದಿನ ಎರಡು ಕೆರೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆರಕ್ಕೇ ಎಬ್ಬಿಸಿದ ಮಗು ಹನ್ನೊಂದಕ್ಕೆ ಸುಸ್ತು. ದೋಣಿಯೇ ಮುಖ್ಯವಾದರೆ ಕುಕ್ಕರಹಳ್ಳಿ ಮುಗಿಸಿ ರಂಗನತಿಟ್ಟಿಗೆ ಹೋಗಿ. ಮೈಸೂರಿನಿಂದ ಇಪ್ಪತ್ತು ಕಿ.ಮೀ. ಒಳಗೆ. ಅಲ್ಲಿ ಅರಣ್ಯ ಇಲಾಖೆಯ ಅಂಬಿಗರೇ ಹುಟ್ಟು ಹಾಕುತ್ತಾರೆ, ನಿಮ್ಮ ತಾಯಿಯೂ ಕೂರಬಹುದು, ಮೊಸಳೆಯೂ ಕಾಣುತ್ತದೆ.

---

ಏರಿಮೇಲಿನವ:

ಕೋಲಿನ ವಿಷಯ ನೂರಕ್ಕೆ ನೂರು ಸರಿ. ರಂಗನತಿಟ್ಟಿನದ್ದೂ ಒಳ್ಳೆ ಸಲಹೆ, ಆದರೆ ವಾರಾಂತ್ಯದಲ್ಲಿ ದೋಣಿಗೆ ಸರದಿ ಸಾಲು ಉದ್ದ. ಹೋಗುವುದಾದರೆ ಕುಕ್ಕರಹಳ್ಳಿ ಬಿಟ್ಟು ಬೆಳಗ್ಗೆ ನೇರ ಅಲ್ಲಿಗೇ ಹೋಗಬೇಕು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ಅಲ್ಲಿ ದೋಣಿ ನಿಲ್ಲಿಸುತ್ತಾರೆ, ಜನವರಿಯಲ್ಲಿ ಆ ಚಿಂತೆ ಇಲ್ಲ. ಕಾರಂಜಿಯಲ್ಲಿ ಸುಸ್ತಾದರೆ ಅರ್ಧಕ್ಕೇ ಹೊರಬರಬಹುದು, ಊರೊಳಗೇ ಇದೆ. ನನ್ನ ಮತ ಅದಕ್ಕೇ. ಇಬ್ಬರು ದೊಡ್ಡವರು ಸುಸ್ತಾದ ಮಗುವನ್ನು ಎತ್ತಿಕೊಂಡು ಹೊರಬರುವ ದೂರ ಎಷ್ಟು ಅನ್ನುವುದೇ ನಿಮ್ಮ ಅಳತೆಗೋಲು ಆಗಲಿ.

---

ತೂಬು:

ವಾಸನೆ ಬಗ್ಗೆ. ಬರುವ ದಿನ ಬರುತ್ತದೆ, ಸುಳ್ಳು ಹೇಳಲ್ಲ. ಈ ಕೆರೆಗೆ ಮೊದಲು ಪೂರ್ಣಯ್ಯ ನಾಲೆಯಿಂದ ನೀರು ಬರುತ್ತಿತ್ತು. ನಗರ ಬೆಳೆದಂತೆ ನೀರು ಬರುವ ದಾರಿಗಳು ಒತ್ತುವರಿಯಾಗಿ ಕಟ್ಟಿಕೊಂಡವು, ಮಳೆನೀರಿನ ಜೊತೆ ಚರಂಡಿ ನೀರೂ ಸೇರತೊಡಗಿತು. ಚರಂಡಿ ನೀರಿನಲ್ಲಿರುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರವಿದ್ದಂತೆ. ಬಿಸಿಲು ಜೋರಾಗಿ ನೀರು ಕಡಿಮೆಯಾದಾಗ ಪಾಚಿ ಹಸಿರು ಬಣ್ಣ ಕಲಸಿದಂತೆ ಹಬ್ಬುತ್ತದೆ. ಸತ್ತ ಪಾಚಿ ಕೊಳೆತು ವಾಸನೆ. ಆದ್ದರಿಂದ ಮಾರ್ಚ್‌ನಿಂದ ಮೇವರೆಗೆ ಕಾಟ ಹೆಚ್ಚು, ಮಳೆಗಾಲ ಕಳೆದ ಮೇಲೆ ಜನವರಿಯಲ್ಲಿ ಕಡಿಮೆ. ಗಾಳಿ ಪಾಚಿಯನ್ನು ಒಂದು ಮೂಲೆಗೆ ತಳ್ಳಿರುತ್ತದೆ. ಆ ಮೂಲೆ ದಾಟಿದರೆ ವಾಸನೆ ಇರುವುದಿಲ್ಲ. ಗಾಳಿ ಬರುವ ಕಡೆಯ ದಂಡೆಯಲ್ಲಿ ಕೂರಿ.

ಬೆಳಗ್ಗೆ ಒಂದಷ್ಟು ಮೀನು ಸತ್ತು ತೇಲುತ್ತಿದ್ದರೆ ಯಾರೋ ವಿಷ ಹಾಕಿದ್ದಾರೆ ಅಂತ ತಕ್ಷಣ ಹೇಳಬೇಡಿ. ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೂ ಉಸಿರಾಡಿ ಅದನ್ನೇ ಎಳೆದುಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಎರಡು ದಿನ ಮೋಡ ಮುಸುಕಿದರಂತೂ ಮೀನು ಉಸಿರುಕಟ್ಟಿ ಸಾಯುತ್ತವೆ. ಹಸಿರುಗಟ್ಟಿದ ನೀರಿಗೆ ಮಗು ಕೈ ಅದ್ದದಿರಲಿ. ಅದ್ದಿದರೆ ಬಾಟಲಿ ನೀರು, ಸಾಬೂನಿನಲ್ಲಿ ತೊಳೆಸಿ ಆಮೇಲೆ ತಿಂಡಿ.

---

ಹಾವಕ್ಕಿ:

ಸಂಜೆ ಮತ್ತೆ ಕೆರೆ ಬೇಕೆನಿಸಿದರೆ: ಕಾರಂಜಿ 5.30ಕ್ಕೆ ಮುಚ್ಚುತ್ತದೆ, ಟಿಕೆಟ್ ಅದಕ್ಕೂ ಮುಂಚೆಯೇ ನಿಲ್ಲುತ್ತದೆ. ಕುಕ್ಕರಹಳ್ಳಿಯಲ್ಲಿ ಸೂರ್ಯ ಮುಳುಗುವುದು ಸುಮಾರು 6.15ಕ್ಕೆ, ಬೆಳ್ಳಕ್ಕಿ, ನೀರುಕಾಗೆಗಳು ಗುಂಪು ಗುಂಪಾಗಿ ಮರಕ್ಕೆ ಮರಳುವುದು ಅದಕ್ಕಿಂತ ಅರ್ಧ ಗಂಟೆ ಮೊದಲಿನಿಂದ. ಗೇಟು ಮುಚ್ಚುವ ಹೊತ್ತನ್ನು ಒಳಗೆ ಹೋಗುವಾಗಲೇ ಬೋರ್ಡಿನಲ್ಲಿ ನೋಡಿಕೊಂಡು, ಸುತ್ತು ಹಾಕುವ ಆಸೆ ಬಿಟ್ಟು ಗೇಟಿನ ಹತ್ತಿರದ ಬೆಂಚಲ್ಲೇ ಕೂರಿ. ಸೊಳ್ಳೆ ಮುತ್ತುವುದೂ ಅದೇ ಹೊತ್ತಿಗೆ. ಮಗುವಿಗೆ ಉದ್ದ ತೋಳು, ಕಾಲುಚೀಲ ಹಾಕಿ, ಸೊಳ್ಳೆ ಮುಲಾಮು ಬಟ್ಟೆ ಮುಚ್ಚದ ಕಡೆ ಮಾತ್ರ. ಮಗುವಿನ ಅಂಗೈಗೆ ಹಚ್ಚಬೇಡಿ, ಕಣ್ಣು ಉಜ್ಜಿಕೊಳ್ಳುತ್ತಾರೆ.

---

ಜಯನಗರದವಳು:

ಸರಿ, ತೀರ್ಮಾನ ಆಯ್ತು. 6.30ಕ್ಕೆ ಕುಕ್ಕರಹಳ್ಳಿ, ಅಮ್ಮ ಹೋಗಿ-ಬಂದು, ಅಪ್ಪ ಪೂರ್ತಿ ಸುತ್ತು. ತಿಂಡಿ ಮುಗಿಸಿ 9ಕ್ಕೆ ಕಾರಂಜಿ, ಪಂಜರ, ದೋಣಿ, ಆಮೇಲೆ ಚಿಟ್ಟೆ. ಕೋಲು ಇವತ್ತಿನಿಂದಲೇ ಬಲಗೈಗೆ. ನೀರು, ತಿಂಡಿ ಒಳಗೆ ಬಿಡುತ್ತಾರಾ?

---

ತೂಬು:

ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ, ತಲೆಗೆ ಅರ್ಧ ಲೀಟರ್ ಸಾಕು. ಕಾರಂಜಿ ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ ಇರುತ್ತದೆ, ಚಿಪ್ಸ್ ಪ್ಯಾಕೆಟ್ ಹಿಡಿದು ಹೋಗಿ ಜಗಳ ಮಾಡಿಕೊಳ್ಳಬೇಡಿ. ಮಗುವನ್ನು ಶೌಚಾಲಯಕ್ಕೆ ತಿಂಡಿ ತಿಂದ ಹೋಟೆಲಿನಲ್ಲೇ ಒಮ್ಮೆ ಕರೆದುಕೊಂಡು ಹೋಗಿಬಿಡಿ. ಕಾರು ತರುತ್ತಿದ್ದರೆ ಶನಿವಾರ ಹತ್ತರ ಮೇಲೆ ಮೃಗಾಲಯದ ಸುತ್ತ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ನೀವು ಹೇಳಿದ 9 ಗಂಟೆ ಸರಿಯಾಗಿದೆ, ಅದನ್ನು ತಪ್ಪಿಸಬೇಡಿ.